ಸಹಿ ಮಾಡಿದ ಕೈ

ಆ ಹುಡುಗಿಯ ಕೈ ಮುರಿದವರೇ ಆ ಕೈಗೆ ಬಳೆ ಇಡಲು ನನ್ನನ್ನು ಕರೆಸಿದರು. ಇದನ್ನು ನಾನು ಠಾಣೆಯಲ್ಲಿ ಹೇಳಿದ್ದೇನೆ, ಯಾದಗಿರಿಯಲ್ಲಿ ಹೇಳಿದ್ದೇನೆ, ಅಂಗಡಿ ಮುಂದೆ ನಿಂತು ಬೈದವರಿಗೂ ಹೇಳಿದ್ದೇನೆ. ಇನ್ನೂ ಯಾರು ಕೇಳಿದರೂ ಹೇಳುತ್ತೇನೆ. ನನ್ನ ನಾಲಿಗೆಯೇನೂ ಬಿದ್ದುಹೋಗಿಲ್ಲ.

ನಾನು ಹಜರಾಬೀ. ಸುರಪುರದ ಬಳೆಗಾರ್ತಿ. ಗಂಡ ರಾಜಾಸಾಬ ಸತ್ತ ಮೇಲೆ ಅವನ ಮಲಾರ ನನ್ನ ಹೆಗಲಿಗೆ ಬಂತು. ಹಗ್ಗಕ್ಕೆ ಪೋಣಿಸಿದ ಆ ಬಳೆಯ ಹೊರೆ ಹೊತ್ತು ಕಕ್ಕೇರಾದ ತನಕ ಹಳ್ಳಿ ಹಳ್ಳಿ ತಿರುಗಿದ್ದೇನೆ. ನನ್ನ ಎಡಹೆಗಲು ಇವತ್ತಿಗೂ ಬಲಹೆಗಲಿಗಿಂತ ತಗ್ಗು. ಈಗ ಬಜಾರಿನಲ್ಲಿ ಒಂದು ಗೇಣು ಅಂಗಡಿ ಇದೆ, ಮೊಮ್ಮಗಳು ಅಲ್ಮಾಸ ಕೂಡುತ್ತಾಳೆ. ಆದರೂ ಮದುವೆ, ಕುಬಸ ಎಂದರೆ ದೊಡ್ಡ ಮನೆಯವರು ನನ್ನನ್ನು ಮನೆಗೇ ಕರೆಯುತ್ತಾರೆ. ಅವರ ಹೆಂಗಸರು ಬೀದಿಯಲ್ಲಿ ಕೂತು ಕೈ ಚಾಚುವುದು ಅವರ ಮರ್ಯಾದೆಗೆ ಕಡಿಮೆ. ಅವರ ಒಳಮನೆಗೆ ಹೊರಗಿನವರಲ್ಲಿ ನನಗೊಬ್ಬಳಿಗೇ ದಾರಿ. ಅವರ ಹೆಣ್ಣುಮಕ್ಕಳ ಕೈ ನನ್ನ ಕೈಯಲ್ಲಿ. ನೀರು ಕೇಳಿದರೆ ಮಾತ್ರ ಮೇಲಿನಿಂದ ಹೊಯ್ಯುತ್ತಾರೆ, ನಾನು ಬೊಗಸೆ ಒಡ್ಡಬೇಕು. ನಾನು ಮುಟ್ಟಿದ ಆ ಕೈಗಳನ್ನು ಆಮೇಲೆ ಏನು ಮಾಡುತ್ತಾರೋ, ಕೇಳಿಲ್ಲ.

ಅವತ್ತು ಮುಂಜಾನೆ ಶ್ರೀಮಂತ ಬೈಕಿನ ಮೇಲೆ ಬಂದ. ದೇವಾಪುರದ ಆಚೆಯ ಒಂದು ಹಳ್ಳಿಯ ಭಗವಂತರಾಯ ಗೌಡರ ಮಗ. ತಾಯಿ ಸರೋಜಮ್ಮನ ಹೊಟ್ಟೆಯಲ್ಲಿ ಇವನಿದ್ದಾಗ ಕುಬಸದ ಬಳೆ ಇಟ್ಟವಳು ನಾನೇ. ಬೈಕಿನಿಂದ ಇಳಿಯಲೂ ಇಲ್ಲ.

"ನಾಳಿ ರೇವತಿ ಮದಿವಿ. ಹಸರು ಬಳಿ ತಗೊಂಡು ಈಗ ಬಾ."

"ನಾಳಿ? ಹಂದರ ಹಾಕಿದ ಸುದ್ದೀನೇ ಇಲ್ಲಲ್ಲೋ ಶ್ರೀಮಂತಪ್ಪ."

"ಹಂದರ ಗಿಂದರ ಇಲ್ಲ. ನಮ್ಮ ಜಾತಿ ಹುಡುಗನ ಕೈಲೆ ಗುಡ್ಯಾಗ ತಾಳಿ ಕಟ್ಟಸ್ತೀವಿ. ಬಾಯಿ ಮುಚಗೊಂಡು ಬಾ."

ರೇವತಿ ಅವನ ತಂಗಿ. ಶಹಾಪುರದಲ್ಲಿ ಕಾಲೇಜು ಓದಿದವಳು. ತನ್ನದೇ ಊರಿನ ಕೇರಿಯ ಬಾಲರಾಜನನ್ನು ಮೆಚ್ಚಿದ್ದಳು. ಬಾಲರಾಜ ಕಡೇಚೂರಿನಲ್ಲಿ ಫ್ಯಾಕ್ಟರಿ ಕೂಲಿ. ಅವನ ಅಪ್ಪ ದುರಗಪ್ಪ ಹುಟ್ಟಿದಾಗಿನಿಂದ ಗೌಡರ ಹೊಲದಲ್ಲೇ ಬೆನ್ನು ಬಗ್ಗಿಸಿದವನು. ಹುಡುಗ ಹುಡುಗಿ ಇಬ್ಬರೂ ಹೋಗಿ ಮದುವೆಯ ನೋಂದಣಿ ಅರ್ಜಿಗೆ ಸಹಿ ಹಾಕಿ ಬಂದರು. ಕಾನೂನು ಹೇಗಿದೆ ನೋಡಿ. ಇಂಥವಳು ಇಂಥವನನ್ನು ಮದುವೆಯಾಗುತ್ತಾಳೆ ಎಂದು ಎಲ್ಲರಿಗೂ ಕಾಣುವಂತೆ ಕಚೇರಿಯ ಗೋಡೆಗೆ ಹಚ್ಚುತ್ತಾರೆ, ಒಂದು ತಿಂಗಳು ಕಾಯಿರಿ ಎನ್ನುತ್ತಾರೆ. ಕಾಯುವವರು ಅವರಿಬ್ಬರೇ ಏನು? ಕೊಲ್ಲುವವರೂ ಕಾಯುತ್ತಾರೆ. ಯಾರೋ ಪುಣ್ಯಾತ್ಮ ಅದರ ಫೋಟೋ ಹೊಡೆದು ಗೌಡರ ಫೋನಿಗೆ ಬಿಟ್ಟ. ರೇವತಿಯನ್ನು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂದಲು ಹಿಡಿದು ಜೀಪಿಗೆ ಹಾಕಿದರು. ಮಂದಿ ನಿಂತು ನೋಡಿದರು. ಬಾಲರಾಜನ ಕಾಲು ಮುರಿದು ಕಾಲುವೆ ದಂಡೆಗೆ ಒಗೆದರು. ದುರಗಪ್ಪನ ಮನೆಯ ಬಾಗಿಲು ಕಿತ್ತು, ಅವನ ಹೆಂಡತಿ ಅಯ್ಯಮ್ಮನ ಸೀರೆ ಎಳೆದು, ಗಂಡ ಹೆಂಡತಿಯನ್ನು ಊರು ಬಿಡಿಸಿದರು. ಇಷ್ಟು ಬಜಾರಿಗೆಲ್ಲ ಗೊತ್ತಿತ್ತು. ಹುಡುಗಿ ಏನಾದಳು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಲ್ಮಾಸ ನನ್ನ ಸೆರಗು ಹಿಡಿದಳು. "ನಕ್ಕೊ ದಾದಿ, ನಕ್ಕೊ ಜಾವ್" ಎಂದು ನಮ್ಮ ಮನೆ ಮಾತಿನಲ್ಲಿ, ಹೋಗಬೇಡ ಅಜ್ಜಿ ಎಂದು ಬೇಡಿಕೊಂಡಳು. ನಾನು ಬಿಡಿಸಿಕೊಂಡು ಹೋದೆ. ಕರೆದಲ್ಲಿಗೆ ಹೋಗುವುದು ನನ್ನ ಕಸುಬು.

ಮದುವೆ ಬಳೆ ಇಡುವ ಮನೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಕಂಬಳಿ ಹಾಸಿರುತ್ತಾರೆ. ಓಣಿಯ ಹೆಂಗಸರೆಲ್ಲ ನೆರೆದಿರುತ್ತಾರೆ. ಒಬ್ಬಳು ಹಾಡಿದರೆ ಇನ್ನೊಬ್ಬಳು ನನ್ನನ್ನೇ ಕಾಡುತ್ತಾಳೆ, ಏ ಮುದುಕಿ, ನೀನೂ ಒಂದ್ ಡಜನ್ ಇಟಗೋ, ಗಂಡ ಹುಡುಕ್ತೀವಿ ಅಂತ. ಇಲ್ಲಿ ಕಂಬಳಿ ಇಲ್ಲ, ಹೆಂಗಸರಿಲ್ಲ. ಸರೋಜಮ್ಮ ನನ್ನ ಮುಖ ನೋಡದೆ ಮುಂದೆ ನಡೆದಳು. ಜೋಳದ ಚೀಲ ಇಡುವ ಖೋಲಿಯ ಕೀಲಿ ತೆಗೆದಳು. ಕೀಲಿ ಹೊರಗಿನಿಂದ ಹಾಕಿತ್ತು.

ಒಳಗೆ ಚೀಲದ ಮೇಲೆ ರೇವತಿ ಕೂತಿದ್ದಳು. ಹೊಸ ಸೀರೆ ಸುತ್ತಿದ್ದರು, ತಲೆ ಬಾಚಿರಲಿಲ್ಲ. ಬಲಗೈ ಸೆರಗಿನೊಳಗಿತ್ತು. ಮೂಲೆಯಲ್ಲಿ ಹತ್ತಿಗೆ ಹೊಡೆಯುವ ವಿಷದ ಡಬ್ಬಿ. ಅದಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಜೋಳದ ಖೋಲಿಯಲ್ಲಿ ಎಣ್ಣೆ ಯಾರಾದರೂ ಇಡುತ್ತಾರೆಯೇ ಎಂದುಕೊಂಡೆ. ಅಷ್ಟಕ್ಕೇ ಬಿಟ್ಟೆ. ನೆಲಕ್ಕೆ ಕೂತು ಎಡಗೈ ತೆಗೆದುಕೊಂಡೆ. ಬಳೆ ಸಲೀಸಾಗಿ ಏರಿದವು.

"ಬಲಗೈ ಕೊಡವ್ವ."

ಕೊಡಲಿಲ್ಲ. ಸರೋಜಮ್ಮ ಸೆರಗು ಎಳೆದಳು.

ಯಾ ಅಲ್ಲಾ. ಕೈಯೇ ಅದು? ಮಣಿಕಟ್ಟಿನಿಂದ ಗೆಣ್ಣಿನವರೆಗೆ ಕಪ್ಪಗೆ ಊದಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಪಟ್ಟಿ ಕಟ್ಟಿಲ್ಲ, ಒಂದು ಮುಲಾಮು ಹಚ್ಚಿಲ್ಲ.

"ಸರೋಜಮ್ಮ, ಇದೇನಾಗೇದ್ರಿ?"

"ಬಚ್ಚಲದಾಗ ಬಿದ್ಲು."

ಬಾಗಿಲಲ್ಲಿ ನಿಂತಿದ್ದ ಶ್ರೀಮಂತ ಹೇಳಿದ, "ದೊಡ್ಡ ಅಳತಿದು ತಗಿ. ಸಬಕಾರ ಹಚ್ಚಿ ಇಡು. ಇವತ್ತೊಂದು ದಿನ ಇದ್ರ ಸಾಕು."

ಬಳೆ ಇಡುವುದೆಂದರೆ ಕೈಯನ್ನು ಸಣ್ಣದು ಮಾಡುವುದು. ಹೆಬ್ಬೆರಳ ಬುಡವನ್ನು ಅಂಗೈಯೊಳಕ್ಕೆ ಒತ್ತಬೇಕು. ನಾಲ್ಕು ಬೆರಳನ್ನೂ ಕೂಡಿಸಿ ಹಿಂಡಬೇಕು. ಗಾಜನ್ನು ಗೆಣ್ಣಿನ ಮೇಲೆ ಹೊರಳಿಸುತ್ತ ಇಳಿಸಬೇಕು. ಸಾಬೂನು ಹಚ್ಚಿ ಒತ್ತಿದೆ. ಒಳಗೆ ಎಲುಬು ಸರಿಯಿತು. ನನ್ನ ಹೆಬ್ಬೆರಳಿನ ಕೆಳಗೇ ಸರಿಯಿತು. ಹುಡುಗಿ ಕಿರುಚಲಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ತಾಳಲಾರದೆ ಕೂತಲ್ಲೇ ಉಚ್ಚೆ ಹೋಯಿತು. ಚೀಲ ತೊಯ್ದು ನನ್ನ ಮೊಣಕಾಲಿಗೆ ಬಂತು. ಬಳೆ ನನ್ನ ಕೈಯಲ್ಲೇ ಒಡೆಯಿತು.

"ಒತ್ತು ಮುದುಕಿ, ಬೆಣ್ಣಿ ಹಚ್ಚಾಕತ್ತೀಯೇನು?" ಶ್ರೀಮಂತ ಬೈದ.

ರೇವತಿ ಬಾಯೊಳಗಿನ ಸೆರಗನ್ನು ಉಗುಳಿದಳು. ನನ್ನನ್ನೇ ನೋಡಿ ಹೇಳಿದಳು.

"ಇಡಬ್ಯಾಡ ಆಯಿ. ನಾ ಬಿದ್ದಿಲ್ಲ. ಸಹಿ ಮಾಡಿದ ಕೈ ಅಂತ ಬಾಗಲ ಸಂದ್ಯಾಗ ಇಟ್ಟು ಮುರದಾರ. ಬಾಗ್ಲ ದಬ್ಬಿದಾಂವ ಅಣ್ಣ. ನಾಳಿ ತಾಳಿಗೆ ಕೊಳ್ಳ ಕೊಡಲಿಲ್ಲಂದ್ರ ಆ ಎಣ್ಣಿ ಕುಡಿಸ್ತಾರಂತ. ಹೊಟ್ಟಿಬ್ಯಾನಿ ತಾಳಲಾರ್ದ ಕುಡದ್ಲು ಅಂತ ಊರಿಗೆ ಹೇಳ್ತಾರಂತ."

ಶ್ರೀಮಂತ ಒಳಗೆ ಬಂದು ಅವಳ ಬಾಯಿಗೆ ಹೊಡೆದ. ಸರೋಜಮ್ಮ ಗೋಡೆ ನೋಡುತ್ತ ನಿಂತಳು. ಆಗ ಗೌಡ ಬಂದ. ಅವನು ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಮಾತಾಡುತ್ತಾನೆ, ಊರಿನ ಪಂಚಾಯ್ತಿಗಳನ್ನೆಲ್ಲ ಅವನೇ ಮುಗಿಸುತ್ತಾನೆ.

"ಹಜರಾಬೀ, ನೀ ನಮ್ಮ ಮನಿ ಮಂದಿ ಇದ್ದಂಗ. ಮನಿ ಮರ್ಯಾದಿ ಅಂದ್ರೇನು, ನಿನಗ ನಾ ಹೇಳಬೇಕೇನು? ಇಟ್ಟು ಹೋಗು."

ಮನೆ ಮಂದಿ! ಇಷ್ಟು ವರ್ಷ ಬೊಗಸೆಯಲ್ಲಿ ನೀರು ಕುಡಿಸಿದ ಮನೆ. ನನ್ನ ಮೈಯೆಲ್ಲ ಉರಿಯಿತು. ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

"ಗೌಡ್ರ, ಮುರಿದ ಕೈಗೆ ನಾ ಬಳಿ ಇಡಂಗಿಲ್ಲ. ಒಲ್ಲೆ ಅನ್ನೋ ಹುಡುಗಿಗಂತೂ ಇಡಂಗೇ ಇಲ್ಲ. ನಿಮ್ಮ ಮರ್ಯಾದಿ ನೀವ ಇಟಗೋರಿ."

ಅಷ್ಟೇ ಅಲ್ಲ. ಎಡಗೈಗೆ ಇಟ್ಟ ಬಳೆಗಳನ್ನೂ ಒಂದೊಂದಾಗಿ ಇಳಿಸಿದೆ. ಮದುವೆಯ ಹಸಿರು ಬಳೆ ಇಟ್ಟ ಮೇಲೆ ಇಳಿಸಬಾರದು. ಇಳಿಸುವುದು ಗಂಡ ಸತ್ತಾಗ. ಸರೋಜಮ್ಮ "ಅಯ್ಯೋ, ಅಯ್ಯೋ" ಎಂದು ಬಾಯಿ ಬಡಿದುಕೊಂಡಳು. ಮಗಳ ಕೈ ಮುರಿದಾಗ ಬಾರದ ಅಯ್ಯೋ ಬಳೆ ಇಳಿಸಿದಾಗ ಬಂತು.

ಶ್ರೀಮಂತ ನನ್ನ ಮಲಾರವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಬೂಟುಗಾಲಿನಿಂದ ತುಳಿದ. ಗಾಜು ಖೋಲಿ ತುಂಬ ಸಿಡಿಯಿತು.

"ಆರಸು. ಬರಿಗೈಲೆ ಆರಸು. ಒಂದ್ ಚೂರು ಉಳೀಬಾರದು."

ಮೊಣಕಾಲೂರಿ ಆರಿಸಿದೆ. ಅರವತ್ತು ದಾಟಿದ ಮುದುಕಿ, ಅವನ ಬೂಟಿನ ಸುತ್ತ ಕೈಯಾಡಿಸಿ ಆರಿಸಿದೆ. ಬೆರಳು ಕೊಯ್ದು ರಕ್ತ ಬಂತು. ಅವನು ಮೇಲಿಂದ ಹೇಳುತ್ತಲೇ ಇದ್ದ. "ಹೊರಗ ಒಂದ್ ಮಾತ ಆಡಿದಿ ಅಂದ್ರ, ಸಾಬರ ಮುದುಕಿ ನಮ್ಮ ಹುಡುಗೀನ್ನ ಓಡಸಾಕ ಬಂದಿದ್ಲು ಅಂತ ಸುರಪುರ ತುಂಬ ಹಬ್ಬಸ್ತೀನಿ. ಆಮ್ಯಾಲ ನಿನ್ನ ಅಂಗಡಿ ಉಳೀತದೋ, ನಿನ್ನ ಮೊಮ್ಮಗಳು ಉಳೀತಾಳೋ, ನೋಡಕೋ."

ನನ್ನ ಹಿಂದೆ ಕೀಲಿ ಬಿತ್ತು.

ಒಂದು ಠಾಣೆಗೆ ಹೋದೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಕುರ್ಚಿಯಲ್ಲಿದ್ದವನು ಪೆನ್ನು ಮುಟ್ಟಲಿಲ್ಲ. "ತಂದಿ ತಾಯಿ ಮಗಳಿಗೆ ಬುದ್ಧಿ ಹೇಳ್ಯಾರ. ನಿನಗೇನು ಕಡದದ? ನಿಮ್ಮ ಮಂದಿ ಸುಮ್ಮಿದ್ರ ಊರು ತಣ್ಣಗ ಇರ್ತದ" ಎಂದ. ರಕ್ತ ಬರುವ ಕೈ ತೋರಿಸಿದೆ. ಹೊರಗೆ ನಲ್ಲಿ ಇದೆ, ತೊಳಕೊಂಡು ಹೋಗು ಎಂದ.

ಅಂಗಡಿಗೆ ಬಂದು ಕುಸಿದು ಕೂತೆ. ಎಲ್ಲ ಕೇಳಿದ ಅಲ್ಮಾಸ, ಮುಂಜಾನೆ ಹೋಗಬೇಡ ಎಂದು ಅತ್ತವಳು, ಸುಮ್ಮನೆ ಫೋನು ತೆಗೆದಳು. ಹೆಂಗಸರ ಸಹಾಯಕ್ಕೆ ಇರುವ 181 ಒತ್ತಿ ನನ್ನ ಕಿವಿಗೆ ಹಿಡಿದಳು. ಆ ಕಡೆಯ ಹೆಣ್ಣುಧ್ವನಿ ಹುಡುಗಿ ಜೀವಂತ ಇದ್ದಾಳಾ ಎಂದು ಕೇಳಿತು.

"ಇವತ್ತ ಅದಾಳ್ರಿ. ನಾಳಿದು ಗೊತ್ತಿಲ್ಲ."

ನೊಂದ ಹೆಂಗಸರಿಗೆ ಆಸರೆ ಕೊಡುವ ಯಾದಗಿರಿಯ ಸಖಿ ಕೇಂದ್ರದಿಂದ ಕರೆಮ್ಮ ಬಂದಳು. ಕುಳ್ಳಿ, ಕಪ್ಪಗಿನ ಹೆಂಗಸು, ಗಂಡಸರ ಚಪ್ಪಲಿ ಮೆಟ್ಟಿದ್ದಳು. ಜೊತೆಗೆ ಪೊಲೀಸು ಜೀಪು, ಹೆಣ್ಣು ಪೊಲೀಸರು. ನನ್ನ ಬೆರಳಿಗೆ ಪಟ್ಟಿ ಸುತ್ತುತ್ತಲೇ ಕೇಳಿದಳು.

"ಮನಿ ಯಾವುದು, ಖೋಲಿ ಯಾವುದು ಅಂತ ತೋರಸಬೇಕ್ರಿ ಆಯಿ. ಹೆದರಿಕಿ ಇದ್ರ ಜೀಪಿನಾಗೇ ಕೂಡ್ರಿ, ಕೈ ಮಾಡಿ ತೋರಸ್ರಿ."

"ಹೆದರಿಕಿ ಅದವ್ವ. ಇಳೀತೀನಿ."

ನಾವು ಹೋದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಗೌಡ ಕಟ್ಟೆಯ ಮೇಲೆ ಕೂತು, ಮಗಳು ಸೋದರಮಾವನ ಊರಿಗೆ ಹೋಗ್ಯಾಳ, ಚಾ ಕುಡೀರಿ ಎಂದ. ಗಂಡಸರು ನೆರೆದರು. ಒಬ್ಬ ನನ್ನ ಕಡೆ ಉಗುಳಿದ. ನಾನು ನೆಟ್ಟಗೆ ಜೋಳದ ಖೋಲಿಗೆ ಹೋದೆ. ಸರೋಜಮ್ಮ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಳು. "ಸರೀರಿ" ಎಂದೆ. ಸರಿಯಲಿಲ್ಲ. ತೋಳು ಹಿಡಿದು ಜಗ್ಗಿದೆ. ಹೆಣ್ಣು ಪೊಲೀಸು ಕಲ್ಲಿನಿಂದ ಕೀಲಿ ಒಡೆದಳು.

ರೇವತಿ ಬೆಳಕಿಗೆ ಕಣ್ಣು ಮುಚ್ಚಿಕೊಂಡು ಹೊರಬಂದಳು. ಕರೆಮ್ಮ ಎಲ್ಲರೆದುರಿಗೆ ಕೇಳಿದಳು. "ನೀ ದೊಡ್ಡಾಕಿ ಇದ್ದಿ. ನಿನ್ನ ಬಾಯಿಲೆ ಹೇಳು. ಇಲ್ಲೇ ಇರ್ತಿಯೋ, ನನ್ನ ಜೋಡಿ ಬರ್ತಿಯೋ?"

ಗೌಡ ಈಗಲೂ ಮೆಲ್ಲಗೇ ಹೇಳಿದ. "ಹೊಸ್ತಲ ದಾಟಿದ್ರ ನೀ ನಮ್ಮ ಪಾಲಿಗೆ ಸತ್ತಂಗ."

"ಸತ್ತಾಳಂತ ತಿಳಕೋ ಅಪ್ಪಾ. ಸಾಯಿಸಬ್ಯಾಡ್ರಿ, ಅಷ್ಟ ಸಾಕು."

ದಾಟಿದಳು. ಜೀಪು ಊರು ಬಿಡುವ ತನಕ ಕಲ್ಲು ಬಿದ್ದವು.

ಅವರು ಹೇಳಿದಂತೆಯೇ ಮಾಡಿದರು. ಊರ ಅಗಸಿ ಬಾಗಿಲಿಗೆ ಅವಳ ಫೋಟೋದ ಬ್ಯಾನರ್ ಕಟ್ಟಿ, ತಲೆ ಬೋಳಿಸಿಕೊಂಡು, ತಿಥಿಯ ಊಟ ಹಾಕಿದರು. ಮಂದಿ ಹೊಟ್ಟೆ ತುಂಬ ಉಂಡು ಬಂದರು. ಶ್ರೀಮಂತ ಜೈಲಿಗೆ ಹೋದ, ಜಾಮೀನಿನ ಮೇಲೆ ಬಂದ, ಹೂಹಾರ ಹಾಕಿಸಿಕೊಂಡ. ನನ್ನ ಫೋಟೋ ಎಲ್ಲರ ಫೋನಿಗೂ ಹೋಯಿತು. ಹಳ್ಳಿಗಳ ಬಾಗಿಲು ಮುಚ್ಚಿದವು. ನಮ್ಮ ಜಮಾತಿನ ಹಿರಿಯ ಸುಲ್ತಾನಸಾಬ ಮನೆಗೆ ಬಂದು, "ಅವರ ಮನಿ ಹುಡುಗಿ, ಅವರು ಬಡೀತಾರ, ಬಿಡ್ತಾರ. ನಿಂದೇನು ನಡುವ?" ಎಂದ. ನಮ್ಮವರೇನು ಕಡಿಮೆಯೇ? ಹೋದ ವರ್ಷ ಇವನೇ ತನ್ನ ತಮ್ಮನ ಮಗಳ ಕಾಲೇಜು ಬಿಡಿಸಿ, ಫೋನು ಒಡೆದು ಖೋಲಿಯಲ್ಲಿ ಕೂಡಿಹಾಕಿದ್ದ. ಬಾಗಿಲು ತೋರಿಸಿದೆ.

ರೇವತಿಯ ಕೈ ಕೂಡಿತು, ಆದರೆ ಸೊಟ್ಟಗೆ. ಡಾಕ್ಟರು ತಡವಾಯಿತು ಎಂದರು. ಕೇಂದ್ರದಲ್ಲಿ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾಳೆ. ಬಾಲರಾಜ ಒಮ್ಮೆ ಕೋಲೂರಿಕೊಂಡು, ತಾಯಿ ಅಯ್ಯಮ್ಮನ ಜೊತೆ ಬಂದಿದ್ದ. ಅವನೂ ರೇವತಿಯೂ ಅತ್ತರು ಎಂದು ಕರೆಮ್ಮ ಹೇಳಿದಳು.

ಕೇಸು ಮಾತ್ರ ಒಂದು ಕಡೆ ಸಿಕ್ಕಿಕೊಂಡಿತು. ಬಚ್ಚಲದಾಗ ಬಿದ್ದಳು ಎಂದು ಮನೆಯವರೆಲ್ಲ ಬರೆಸಿದ್ದಾರೆ. ಅವರ ವಕೀಲ ಕೇಳುತ್ತಾನೆ, ಒಬ್ಬನೇ ಮನುಷ್ಯ ಹುಡುಗಿಯ ಕೈಯನ್ನೂ ಸಂದಿಯಲ್ಲಿ ಹಿಡಿದು ಬಾಗಿಲನ್ನೂ ಹೇಗೆ ದಬ್ಬಿದ? ಕೈ ಹಿಡಿದವರು ಯಾರು? ಕೈ ಮುರಿದ ದಿನ ಗೌಡ ಊರಲ್ಲೇ ಇರಲಿಲ್ಲ. ರೇವತಿ ಎಲ್ಲ ಹೇಳುತ್ತಾಳೆ, ಇದೊಂದು ಕೇಳಿದರೆ ತುಟಿ ಕಚ್ಚುತ್ತಾಳೆ. ಕರೆಮ್ಮ ಕೇಳಿದಳು, ನಾನು ಹೋಗಿ ಕೇಳಿದೆ. ಇಲ್ಲ. ಕೇಸು ಬಿದ್ದುಹೋದರೆ ಶ್ರೀಮಂತ ಸುಮ್ಮನಿರುವವನಲ್ಲ. ಕೇಂದ್ರದ ಗೇಟಿನ ಎದುರು ಅವನ ಬೈಕು ಆಗಲೇ ಕಂಡಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಸರೋಜಮ್ಮ ನನ್ನ ಅಂಗಡಿಗೆ ಬಂದಳು. ಒಬ್ಬಳೇ. ತಲೆ ಮೇಲೆ ಸೆರಗು, ಬೀದಿಗೆ ಬೆನ್ನು. ಗೌಡರ ಹೆಂಡತಿ ಬಜಾರಿನಲ್ಲಿ ಕೂತದ್ದು ಅದೇ ಮೊದಲು. ಕೈ ಚಾಚಿದಳು.

"ಬಳಿ ಇಡು."

ನಾನು ಮುಟ್ಟಲಿಲ್ಲ. ಅವಳು ಬಳೆಗೆ ಬಂದವಳಲ್ಲ. "ಆಕಿ ಕೈ ಕೂಡೇದೇನು ಹಜರಾಬೀ?"

"ಕೂಡೇದ. ಸೊಟ್ಟ ಕೂಡೇದ. ರೊಟ್ಟಿ ಮುರಿಯಾಕ ಬರಂಗಿಲ್ಲ. ಮತ್ತೇನು ಬೇಕು?"

"ಉಣ್ತಾಳೇನು?"

"ತಿಥಿ ಊಟ ಹಾಕಿದ್ರಲ್ಲ, ಆಕಿ ಪಾಲಿಂದೂ ಊರೇ ಉಂಡಿತು. ಈಗ ಕೇಳ್ತಿಯೇನು?" ನನಗೆ ಸಿಟ್ಟು ತಡೆಯಲಿಲ್ಲ. "ನಿನ್ನ ಮಗಳು ಎಲ್ಲಾ ಹೇಳ್ಯಾಳ. ಕೈ ಹಿಡಿದಾವ್ರು ಯಾರು ಅಂತ ಅದೊಂದು ಹೇಳವಲ್ಲಳು. ಅದಕ್ಕ ಕೇಸು ಬಿದ್ದು ಹೋಗಾಕತ್ತೇದ. ಅದಕ್ಕ ನಿನ್ನ ಮಗ ಗೇಟಿಗೆ ನಿಂತಾನ. ಯಾರನ್ನ ಉಳಸಾಕತ್ತಾಳೋ, ಆ ಪುಣ್ಯಾತ್ಮರ ಸಲುವಾಗಿ ಸಾಯ್ತಾಳ."

ಸರೋಜಮ್ಮನ ಚಾಚಿದ ಕೈ ಹಾಗೇ ನಿಂತಿತು.

"ಆಕಿ... ಹೇಳಿಲ್ಲೇನು?"

ಆಗ ನನಗೆ ತಿಳಿಯಿತು. ಅಲ್ಮಾಸ ಕೈಯಲ್ಲಿದ್ದ ಬಳೆಯ ಡಬ್ಬಿಯನ್ನು ಕೆಳಗಿಟ್ಟಳು.

"ಜೋರಾಗಿ ಹೇಳು" ಎಂದೆ.

"ಬಾಗಲ ಸಂದ್ಯಾಗ ಕೈ ಇಟ್ಟು ಹಿಡಿದಾಕಿ ನಾ." ಅಳಲಿಲ್ಲ. ಅಳು ಎಲ್ಲಿಂದ ಬರಬೇಕು. "ಅವ್ವಾ ಬಿಡು, ಅವ್ವಾ ಬಿಡು ಅಂದ್ಲು. ಹಿಡದೆ. ಬಿಟ್ರ ಆಕೀನ್ನ ಕೊಂದೇ ಬಿಡ್ತಾರ, ಕೈಯಷ್ಟ ಹೋಗ್ಲಿ, ಜೀವ ಉಳೀಲಿ ಅಂತ ಹಿಡದೆ."

"ಎಣ್ಣಿ ಡಬ್ಬಿ ಇಟ್ಟಾಗ ಜೀವ ನೆನಪಾಗಲಿಲ್ಲೇನು?"

ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾದಗಿರಿಗೆ ನಡಿ. ಇದನ್ನೇ ಅಲ್ಲಿ ಹೇಳು."

"ಹೇಳಿದ್ರ ನನ್ನೂ ಒಳಗ ಹಾಕ್ತಾರ."

"ಹಾಕ್ಲಿ."

"ಆ ಮನಿಗೆ ತಿರುಗಿ ಹೋಗಾಕ ಆಗಂಗಿಲ್ಲ ಹಜರಾಬೀ."

"ಹೋಗಬ್ಯಾಡ."

ಅವಳ ಕೈ ಹಿಡಿದು ಎಬ್ಬಿಸಿದೆ. ಅಲ್ಮಾಸ ಕರೆಮ್ಮನಿಗೆ ಫೋನು ಹಚ್ಚಿದಳು. ಯಾದಗಿರಿ ಬಸ್ಸು ನಿಂತಿತ್ತು, ಹತ್ತಿಸಿದೆ. ಕಿಟಕಿ ಕಡೆ ಅವಳನ್ನು ಕೂಡಿಸಿ ಈ ಕಡೆ ನಾನು ಕೂತೆ. ಪ್ರೀತಿಯಿಂದ ಕೂತೆ ಎಂದು ತಿಳಿಯಬೇಡಿ. ಆ ತಾಯಿಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದು ಬಿಡುವುದು ರೇವತಿಯ ಕೆಲಸ. ನಡುವೆ ಇಳಿದು ಓಡಬಾರದು ಎಂದು ಕೂತೆ.

ಶಹಾಪುರದಲ್ಲಿ ಬಸ್ಸು ನಿಂತಿತು. ಮಂದಿ ಇಳಿಯತೊಡಗಿದರು. ಸರೋಜಮ್ಮ ಎದ್ದು ನಿಂತಳು.

"ಹಜರಾಬೀ, ನನ್ನ ಕೈಲೆ ಆಗಂಗಿಲ್ಲ. ದಾರಿ ಬಿಡು."

ನಾನು ಕಾಲು ತೆಗೆಯಲಿಲ್ಲ. "ಅವ್ವಾ ಬಿಡು ಅಂತ ಆಕೀನೂ ಅಂದಿದ್ಲು" ಎಂದೆ.

ಸರೋಜಮ್ಮ ಕೂತಳು.